ಅಪ್ಪನ ಗೋಬರ್ ಗ್ಯಾಸ್ ಗುಂಡಿ, ಅವ್ವನ ಮುದ್ದೆ ಒಲೆ: ಒಂದು ರಿಪೇರಿ ಕಥೆ

ಊರಲ್ಲಿ ಅಪ್ಪ-ಅವ್ವನ ಮನೆಗೆ ಒಂದು ಸಿಲಿಂಡರು ನಾಲ್ಕೂವರೆ ತಿಂಗಳು ಬರುತ್ತಿತ್ತು. ಮೈಸೂರಿನ ನಮ್ಮ ಮನೆಗೆ ಅದೇ 14.2 ಕೆ.ಜಿ. ಸಿಲಿಂಡರು 38 ದಿನ, ನೆಂಟರು ಬಂದರೆ 30. ಅವ್ವನ್ನ ನೋಡಿ ಕಲಿ ಅಂತ ಹೆಂಡತಿಗೆ ಒಂದೆರಡು ಸಲ ಹೇಳಿಯೂ ಇದ್ದೆ. ಅವಳು ಜಗಳ ಮಾಡಲಿಲ್ಲ. "ಈ ಸಲ ಹೋದಾಗ ಬೆಳಿಗ್ಗೆ ಐದೂವರೆಗೆ ಎದ್ದು ನಿಮ್ಮೂರ ಹಿತ್ತಲು ನೋಡಿ, ಆಮೇಲೆ ಮಾತಾಡಿ" ಅಂದಳು.

ಸಂಕ್ರಾಂತಿಗೆ ಹೋದಾಗ ಎದ್ದೆ. ಸಿಲಿಂಡರ್ ಒಲೆ ಮೇಲೆ ಅವ್ವ ಕಾಯಿಸಿದ್ದು ಕಾಫಿ ಮಾತ್ರ. ಉಳಿದದ್ದೆಲ್ಲ ಹಿತ್ತಲಿನ ಚಪ್ಪರದಡಿ ಸೌದೆ ಒಲೆಯಲ್ಲಿ: ಸ್ನಾನದ ಹಂಡೆ, ಅವರೆಕಾಳು, ಹಸುವಿಗೆ ಹುರುಳಿ, ಕೊನೆಗೆ ಮುದ್ದೆಯ ಎಸರು. ಉರಿಗೆ ಹಿಪ್ಪುನೇರಳೆ ಕಡ್ಡಿ, ಒಣಗಿದ ತೆಂಗಿನ ಮಟ್ಟೆ, ಹೊತ್ತಿಸಲು ಒಂದು ಹಿಡಿ ಕಬ್ಬಿನ ತರಗು. ಇಬ್ಬನಿಯಲ್ಲಿ ಕಡ್ಡಿ ಹಸಿಯಾಗಿತ್ತು. ಅವ್ವ ಊದುಕೊಳವೆ ಹಿಡಿದು ಬಗ್ಗಿ ಊದುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಊದುತ್ತಿದ್ದಳು. ನಾನು ಐದು ನಿಮಿಷ ಪಕ್ಕದಲ್ಲಿ ನಿಂತು ಕಣ್ಣುಜ್ಜಿಕೊಂಡು ಜಗುಲಿಗೆ ಬಂದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 58.6% ಮನೆಗಳು ಅಡುಗೆಗೆ ಶುದ್ಧ ಇಂಧನ, ಅಂದರೆ ಎಲ್‌ಪಿಜಿ, ಕರೆಂಟು, ಗೋಬರ್ ಗ್ಯಾಸಿನಂಥದ್ದು, ಬಳಸುತ್ತಿದ್ದವು. 2011ರ ಜನಗಣತಿಯಲ್ಲಿ ಎಲ್‌ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳು 28.5% ಮಾತ್ರ. ನಡುವೆ 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಗಿ ನಮ್ಮ ಬೀದಿಯಲ್ಲೂ ಒಂದಷ್ಟು ಮನೆಗೆ ಕೆಂಪು ಸಿಲಿಂಡರು ಬಂತು. ಏರಿಕೆ ಸುಳ್ಳಲ್ಲ. ಆದರೆ ಹೆಚ್ಚಾಗಿ ಯಾವುದರಲ್ಲಿ ಅಡುಗೆ ಮಾಡ್ತೀರಿ ಅಂತ ಯಾರಾದರೂ ಬಂದು ಕೇಳಿದ್ದರೆ ಅಪ್ಪ ಜಗುಲಿಯಿಂದಲೇ "ಗ್ಯಾಸು" ಅಂತಿದ್ದ. ಹಿತ್ತಲಿನ ಹೊಗೆ ಯಾವ ಪಟ್ಟಿಗೂ ಸೇರುತ್ತಿರಲಿಲ್ಲ.

ಕೊಟ್ಟಿಗೆ ಹಿಂದೆ ಅಪ್ಪ 1994ರಲ್ಲಿ ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿ ಇತ್ತು. 2008ರ ಸುಮಾರಿಗೆ ಉರಿ ಕಮ್ಮಿಯಾಗುತ್ತಾ ಬಂತು, ತಂಗಿ ಮದುವೆಯಾಗಿ ಹೋದಳು, ನಾನು ಮೈಸೂರಿನ ಹೆಬ್ಬಾಳದ ಫ್ಯಾಕ್ಟರಿ ಸೇರಿದೆ. ಸಗಣಿ ಕಲಸುವವರಿಲ್ಲದೆ ಗುಂಡಿ ನಿಂತುಹೋಯಿತು. ಅದರ ಗುಮ್ಮಟದ ಮೇಲೆ ಅವ್ವ ಕುಂಬಳದ ಬಳ್ಳಿ ಹಬ್ಬಿಸಿದ್ದಳು. ನಾನು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಫಿಟ್ಟರ್. ಪೈಪು, ವಾಲ್ವು, ಲೀಕು ನನ್ನ ದಿನದ ಅನ್ನ. ಇದನ್ನ ಎಬ್ಬಿಸೋಣ ಅಂದೆ. ಅಪ್ಪ "ಗ್ಯಾಸು ಬಂದ್ರೂ ನಿಮ್ಮವ್ವ ಸೌದೆ ಬುಡಕಿಲ್ಲ, ನೋಡು" ಅಂದ. ಆ ಮಾತನ್ನ ಆಗ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಗುಂಡಿಯ ಜಾತಕ

ಗೋಬರ್ ಗ್ಯಾಸ್ ಅಂದರೆ ತುಂಬಾ ಜನಕ್ಕೆ ಕಣ್ಮುಂದೆ ಬರುವುದು ಬಾವಿಯೊಳಗೆ ಮೇಲೆ ಕೆಳಗೆ ಆಡುವ ಕಬ್ಬಿಣದ ಡ್ರಮ್ಮು. ಅದು ಖಾದಿ ಗ್ರಾಮೋದ್ಯೋಗ ಆಯೋಗದ ಮಾದರಿ. ಡ್ರಮ್ಮು ತುಕ್ಕು ಹಿಡಿದರೆ ಕಥೆ ಮುಗಿಯಿತು. ನಮ್ಮದು 'ದೀನಬಂಧು', 1984ರಲ್ಲಿ ಆಫ್‌ಪ್ರೊ (ಆಕ್ಷನ್ ಫಾರ್ ಫುಡ್ ಪ್ರೊಡಕ್ಷನ್) ಅನ್ನೋ ಸ್ವಯಂಸೇವಾ ಸಂಸ್ಥೆ ರೂಪಿಸಿದ್ದು. ಪೂರಾ ಇಟ್ಟಿಗೆ-ಗಾರೆ, ನೆಲದೊಳಗೆ ಹೂತ ಗುಮ್ಮಟ, ಆಡುವ ಭಾಗ ಒಂದೂ ಇಲ್ಲ. ಒಂದು ಕಡೆ ಸಗಣಿ ಕಲಸುವ ತೊಟ್ಟಿ, ಅಲ್ಲಿಂದ ಒಳಕ್ಕೆ ಓರೆ ಪೈಪು. ಇನ್ನೊಂದು ಕಡೆ ಬಗ್ಗಡ, ಅಂದರೆ ಒಳಗೆ ಕೊಳೆತ ಸಗಣಿ ನೀರು, ಹೊರಬರುವ ತೊಟ್ಟಿ. ಒಳಗೆ ಗ್ಯಾಸು ಸೇರಿದಂತೆ ಅದು ಬಗ್ಗಡವನ್ನು ಹೊರತೊಟ್ಟಿಗೆ ತಳ್ಳುತ್ತೆ. ಒಲೆ ಹೊತ್ತಿಸಿದರೆ ಆ ಬಗ್ಗಡ ವಾಪಸ್ ಇಳಿದು ಗ್ಯಾಸನ್ನ ಪೈಪಿಗೆ ನೂಕುತ್ತೆ. ಅದರ ಭಾರವೇ ಪಂಪು.

ಇದರಲ್ಲಿ ಒಂದು ತೊಡಕಿದೆ, ಮುಂದೆ ಬೇಕಾಗುತ್ತೆ, ಈಗಲೇ ಹೇಳಿಬಿಡ್ತೀನಿ. ಡ್ರಮ್ಮಿನ ಮಾದರಿಯಲ್ಲಿ ಒತ್ತಡ ಹೆಚ್ಚುಕಮ್ಮಿ ಒಂದೇ ಸಮ ಇರುತ್ತೆ. ದೀನಬಂಧುವಿನಲ್ಲಿ ಬೆಳಿಗ್ಗೆ ಗುಮ್ಮಟ ತುಂಬಿದಾಗ ಜೋರು, ಅಡುಗೆ ಮುಗಿಯುವ ಹೊತ್ತಿಗೆ ಸೊರಗು.

ಇಳಿಯುವ ಮುಂಚೆ ಕೋಳಿ

ಗುಂಡಿ ಎಷ್ಟೇ ವರ್ಷ ಮುಚ್ಚಿದ್ದರೂ ಒಳಗೆ ಗಾಳಿ ಇದೆ ಅಂತ ನಂಬಬಾರದು. ಹಳೇ ಬಗ್ಗಡ ಕೆದಕಿದರೆ ಮಿಥೇನ್, ಇಂಗಾಲದ ಡೈಆಕ್ಸೈಡ್, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಲ್ಲಾ ಏಳುತ್ತವೆ. ಈ ಕೊನೆಯದು ಜಾಸ್ತಿಯಾದರೆ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯ್ತು, ಇಳೀಬಹುದು ಅನ್ನೋದು ಸಾವಿನ ಲೆಕ್ಕ. ಬಾವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುವ ರೂಢಿ ನಮ್ಮ ಕಡೆ ಇದೆ. ನನ್ನ ದೊಡ್ಡಪ್ಪನ ಮಗ ಲಾಟೀನು ತಂದೇಬಿಟ್ಟಿದ್ದ. ಮಿಥೇನ್ ಇರುವ ಗುಂಡಿಗೆ ದೀಪ ಬಿಟ್ಟರೆ ನೋಡುವುದಕ್ಕೆ ನಾವು ಉಳಿಯುತ್ತಿರಲಿಲ್ಲ. ಲಾಟೀನು, ಬೀಡಿ, ಬೆಂಕಿಪೊಟ್ಟಣ ಎಲ್ಲಾ ಜಗುಲಿಗೆ ಕಳಿಸಿದೆ.

ಹೊರತೊಟ್ಟಿಯ ಚಪ್ಪಡಿ ತೆಗೆದು, ಗ್ಯಾಸ್ ಪೈಪಿನ ವಾಲ್ವು ಬಿಚ್ಚಿ, ಒಂದು ವಾರ ಹಾಗೇ ಬಿಟ್ಟೆವು. ಮುಂದಿನ ಶನಿವಾರ ಮೇಲಿನಿಂದಲೇ ಉದ್ದ ಕೋಲಿಗೆ ಬಕೆಟು ಕಟ್ಟಿ ಎಷ್ಟು ಬಗ್ಗಡ ಆಗುತ್ತೋ ಅಷ್ಟು ಎತ್ತಿದೆವು. ರಾಗಿ ತೂರುವ ಫ್ಯಾನನ್ನು ದೂರದಲ್ಲಿಟ್ಟು, ಟಾರ್ಪಾಲನ್ನು ಕೊಳವೆಯಂತೆ ಸುತ್ತಿ ಗಾಳಿಯನ್ನು ಗುಂಡಿಗೆ ತಿರುಗಿಸಿದೆವು. ಮೋಟಾರಿನ ಕಿಡಿಗೂ ಗುಂಡಿಯ ಬಾಯಿಗೂ ಸಂಬಂಧ ಇರಬಾರದು ಅಂತ ಇಷ್ಟು ಸರ್ಕಸ್ಸು. ಆಮೇಲೆ ಪಕ್ಕದ ಮನೆ ಅತ್ತೆಯ ಕೋಳಿಯನ್ನು ಮಂಕರಿಯಲ್ಲಿಟ್ಟು, ಮೇಲೆ ಬಲೆ ಬಿಗಿದು, ಹಗ್ಗದಲ್ಲಿ ತಳದವರೆಗೆ ಇಳಿಸಿ ಹದಿನೈದು ನಿಮಿಷ ಬಿಟ್ಟೆವು. ಕೋಳಿ ಬೈಯುತ್ತಲೇ ಮೇಲೆ ಬಂತು. ಮೂರು ದಿನ ಮೊಟ್ಟೆ ಇಡಲಿಲ್ಲ ಅಂತ ಅತ್ತೆ ಇವತ್ತಿಗೂ ಲೆಕ್ಕ ಕೇಳುತ್ತಾರೆ.

ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದ ಇಬ್ಬರು, ಹತ್ತು ನಿಮಿಷಕ್ಕೊಂದು ಪಾಳಿ. ಒಬ್ಬ ಒಳಗೆ ಕುಸಿದರೆ ಇನ್ನೊಬ್ಬ ಇಳಿಯಕೂಡದು, ಎಳೆಯಬೇಕು ಅಂತ ಮೊದಲೇ ಮಾತಾಗಿತ್ತು. ತಳದಲ್ಲಿ ಮೊಳಕಾಲುದ್ದ ಮರಳು-ಮಣ್ಣು ಕೂತಿತ್ತು. ಕೊಟ್ಟಿಗೆ ನೆಲ ಆಗ ಮಣ್ಣಿನದು, ಗುಡಿಸಿದ್ದೆಲ್ಲ ಸಗಣಿ ಜೊತೆ ಒಳಗೆ ಹೋಗಿದೆ. ಓರೆ ಪೈಪಿನೊಳಗೆ ಒಂದು ರಬ್ಬರ್ ಚಪ್ಪಲಿ, ಅರ್ಧ ಕೊಚ್ಚಿದ ಜೋಳದ ದಂಟು, ಒಂದು ಸ್ಟೀಲ್ ಲೋಟ. "ಇದನ್ನ ನೀನೇ ಕಳೆದದ್ದು ಅಂತ ನಿನ್ನ ತಂಗೀಗೆ ಬೈದಿದ್ದೆ ಕಲಾ" ಅಂತ ಅವ್ವ ಲೋಟ ತಿಕ್ಕಿಟ್ಟಳು. 2008ರಲ್ಲಿ ಉರಿ ಕಮ್ಮಿಯಾದದ್ದಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ತಳದಲ್ಲಿ ಮಣ್ಣು ಕೂತಷ್ಟೂ ಸಗಣಿ ಒಳಗೆ ನಿಲ್ಲುವ ದಿನ ಕಮ್ಮಿ, ನಿಲ್ಲುವ ದಿನ ಕಮ್ಮಿಯಾದಷ್ಟೂ ಗ್ಯಾಸು ಕಮ್ಮಿ.

ಗುಮ್ಮಟ ಮತ್ತು ಕುಂಕುಮದ ನೀರು

ಗುಮ್ಮಟದ ಒಳಗಾರೆಯಲ್ಲಿ ಕೂದಲೆಳೆ ಬಿರುಕುಗಳಿದ್ದವು. ಮೇಸ್ತ್ರಿ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಗಾರೆ ಕಿತ್ತರು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು, ಮೇಲೆ ತಿಳಿ ಸಿಮೆಂಟು, ಏಳು ದಿನ ನೀರು. ಒಣಗಿದ ಮೇಲೆ ಗ್ಯಾಸ್ ನಿಲ್ಲುವ ಭಾಗಕ್ಕೆ ಮಾತ್ರ ಕಪ್ಪು ಎನಾಮಲ್ ಪೇಂಟು ಎರಡು ಕೈ. ಮುಚ್ಚಿದ ಜಾಗದಲ್ಲಿ ಪೇಂಟಿನ ಘಾಟೂ ತಲೆ ತಿರುಗಿಸುತ್ತೆ, ಅಲ್ಲೂ ಫ್ಯಾನು, ಪಾಳಿ, ಹಗ್ಗ. ಕೂಲಿ, ಸಾಮಾನು ಸೇರಿ ಗುಂಡಿಗೆ 11,400 ರೂಪಾಯಿ. ಅದರಲ್ಲಿ ಮುಕ್ಕಾಲು ಪಾಲು ಕೂಲಿಯೇ.

ಸಗಣಿ ಹಾಕುವ ಮುಂಚೆ ಗುಂಡಿ ಲೀಕ್ ಇದೆಯೋ ಇಲ್ಲವೋ ತಿಳಿಯಬೇಕು. ಇದನ್ನು ಬಿಟ್ಟು ನೇರ ಸಗಣಿ ಸುರಿದರೆ ಆಮೇಲೆ ಲೀಕ್ ಹುಡುಕಲು ಮತ್ತೆ ಪೂರಾ ಖಾಲಿ ಮಾಡಬೇಕಾಗುತ್ತೆ. ಮೇಸ್ತ್ರಿಯ ಲೆವೆಲ್ ಟ್ಯೂಬನ್ನೇ ಇಸಕೊಂಡು ಹಲಗೆಗೆ U ಆಕಾರದಲ್ಲಿ ಬಡಿದೆ. ನೀರು ಕಾಣಲಿ ಅಂತ ಅವ್ವನ ಕುಂಕುಮ ಒಂದು ಚಿಟಿಕೆ. ಪಕ್ಕದಲ್ಲಿ ಮಗನ ಸ್ಕೂಲ್ ಸ್ಕೇಲುಗಳು ಒಂದರ ಮೇಲೊಂದು. ಟ್ಯೂಬಿನ ಒಂದು ತುದಿಯನ್ನು ಗ್ಯಾಸ್ ಪೈಪಿಗೆ ಸಿಕ್ಕಿಸಿ, ಪೈಪಿನ ಒಲೆ ಕಡೆಯ ಬಾಯಿ ಮುಚ್ಚಿ, ಗುಂಡಿಗೆ ನಾಲೆ ನೀರು ಬಿಟ್ಟೆವು. ನೀರು ಏರಿದಂತೆ ಗುಮ್ಮಟದ ಗಾಳಿ ಒತ್ತಿಕೊಂಡು ಟ್ಯೂಬಿನ ಕುಂಕುಮದ ನೀರು 80 ಸೆಂ.ಮೀ. ವ್ಯತ್ಯಾಸ ತೋರಿಸಿತು. ಮಾರನೇ ದಿನ ಅದೇ ಹೊತ್ತಿಗೆ ನೋಡಿದರೆ 52. ಅದೇ ಹೊತ್ತಿಗೇ ನೋಡಬೇಕು, ಯಾಕೆಂದರೆ ಮಧ್ಯಾಹ್ನದ ಬಿಸಿಗೆ ಗಾಳಿ ಹಿಗ್ಗಿ ಸುಳ್ಳು ಲೆಕ್ಕ ಕೊಡುತ್ತೆ.

ಅಪ್ಪನ ಮುಖದಲ್ಲಿ "ನಾನು ಹೇಳಲಿಲ್ವಾ" ಅನ್ನೋದು ಎದ್ದು ಕಾಣುತ್ತಿತ್ತು. ಕುಂಬಳದ ಬುಡ ಬಿಟ್ಟು ಗುಮ್ಮಟದ ನೆತ್ತಿಯ ಮಣ್ಣು ಬಿಡಿಸಿ, ಪೈಪು ಹೊರಬರುವ ಕತ್ತಿಗೆ ಸೋಪಿನ ನೊರೆ ಹಚ್ಚಿದೆ. ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದು, ಎರಡು, ಆಮೇಲೆ ಸಾಲಾಗಿ. ಜಿಐ ಪೈಪಿಗೂ ಗಾರೆಗೂ ನಡುವೆ ಸಂದು. ಹದಿನಾಲ್ಕು ವರ್ಷ ಒಲೆ ಕಡೆ ಪೈಪನ್ನು ಎಳೆದಾಡಿದ್ದಕ್ಕೆ ಅದು ಸಡಿಲಾಗಿದೆ. ಅಲ್ಲಿ ಒಂದಡಿ ಚೌಕ ಕಿತ್ತು, ಪೈಪಿಗೆ ಅಡ್ಡ ಕಂಬಿ ವೆಲ್ಡ್ ಮಾಡಿಸಿ, ಕಾಂಕ್ರೀಟಿನಲ್ಲಿ ಹೂತೆವು. ಎರಡನೇ ಸಲ 80 ಇದ್ದದ್ದು 24 ಗಂಟೆಗೆ 77. ಅಷ್ಟು ಸಾಕು.

ಪೈಪ್‌ಲೈನಿನ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಹಳೇ ಗೇಟ್ ವಾಲ್ವಿನ ಹಿತ್ತಾಳೆ ಕಪ್ಪಾಗಿ ಕಚ್ಚಿಕೊಂಡಿತ್ತು, ಹೈಡ್ರೋಜನ್ ಸಲ್ಫೈಡಿನ ಕೆಲಸ. ಮೈಸೂರಿನ ಶಿವರಾಂಪೇಟೆಯಿಂದ ಅರ್ಧ ಇಂಚಿನ ಬಾಲ್ ವಾಲ್ವ್ ತಂದೆ. ಗ್ಯಾಸಿನ ಜೊತೆ ನೀರಾವಿ ಬಂದು ತಂಪಾದಾಗ ಪೈಪಿನಲ್ಲಿ ನೀರು ಕಟ್ಟುತ್ತೆ. ಅದಕ್ಕೆ ನೂರಡಿಗೆ ಒಂದಡಿ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ T ಆಕಾರದ ಪೈಪ್ ಜೋಡಣೆ ಹಾಕಿ ಬಿರಡೆ ಇಟ್ಟಿದ್ದೀನಿ. ಒಲೆಯ ಉರಿ ಕುಣಿಯಲು ಶುರುವಾದರೆ ಬಿರಡೆ ಬಿಚ್ಚಿ ಒಂದು ಲೋಟ ನೀರು ಚೆಲ್ಲಬೇಕು ಅಂತ ಅರ್ಥ. ನಡುವೆ ಒಂದು ಪಿವಿಸಿ ಪೈಪಿನ ತುಂಡಿನಲ್ಲಿ ಲೇತ್ ಮೆಷಿನ್ನಿನಲ್ಲಿ ಕೊರೆದಾಗ ಬೀಳುವ ಕಬ್ಬಿಣದ ಸುರುಳಿಯನ್ನು, ತುಕ್ಕು ಹಿಡಿದದ್ದನ್ನು, ತುಂಬಿದೆ. ತುಕ್ಕು ಆ ಸಲ್ಫೈಡನ್ನು ಹಿಡಿದಿಟ್ಟುಕೊಂಡು ಕಪ್ಪಾಗುತ್ತೆ. ಆಗ ತೆಗೆದು ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತೆ.

ಸಗಣಿ ಲೆಕ್ಕ

ನಮ್ಮದು 2 ಘನ ಮೀಟರಿನ ಗುಂಡಿ, ಅಂದರೆ ದಿನಕ್ಕೆ ಅಷ್ಟು ಗ್ಯಾಸು ಕೊಡಬಲ್ಲದ್ದು. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆ.ಜಿ. ಹಸಿ ಸಗಣಿ ಬೇಕು, ಪೂರ್ತಿ ಓಡಬೇಕಾದರೆ ದಿನಕ್ಕೆ 50. ಅಪ್ಪನ ಕಾಲದಲ್ಲಿ ಜೋಡೆತ್ತು, ಎರಡು ಎಮ್ಮೆ, ಒಂದು ಹಸು ಇದ್ದವು. ಈಗ ಡೈರಿಗೆ ಹಾಲು ಹಾಕುವ ಎರಡು ಸೀಮೆ ಹಸು, ಒಂದು ಕರು. ತೂಗಿ ನೋಡಿದೆ: ನಾಲ್ಕು ದಿನದ ಸರಾಸರಿ 31 ಕೆ.ಜಿ. ಅಂದರೆ ಹೆಚ್ಚೆಂದರೆ ದಿನಕ್ಕೆ 1.2 ಘನ ಮೀಟರ್. ಒಂದು ಘನ ಮೀಟರ್ ಗೋಬರ್ ಗ್ಯಾಸು ಸುಮಾರು 0.43 ಕೆ.ಜಿ. ಎಲ್‌ಪಿಜಿಗೆ ಸಮ. ತಿಂಗಳಿಗೆ ಗುಣಿಸಿದರೆ ಒಂದು ಸಿಲಿಂಡರು ಮತ್ತು ಚೂರು. ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಸಗಣಿ ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಹೆಸರಾದ ಉದಾಹರಣೆ ಇದೆ. ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸ್ತ್ರ, ಅಂದರೆ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ ಕೇಂದ್ರ, ಇಡೀ ಊರಿಗೆ ಸೇರಿ ಗೋಬರ್ ಗ್ಯಾಸ್ ಕಟ್ಟಿತ್ತು. ಉದ್ದೇಶ ಅಡುಗೆ ಗ್ಯಾಸ್. ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ದೀಪಕ್ಕೂ ಕುಡಿಯುವ ನೀರಿಗೂ ಕರೆಂಟು ಕೊಟ್ಟರು. ಓದಿದವರ ಲೆಕ್ಕವೇ ಹೀಗೆ ತಿರುಗಿದ ಮೇಲೆ ನಾನು ತೂಕದ ಕೊಕ್ಕೆ ಹಿಡಿದು ಹಟ್ಟಿಯಲ್ಲಿ ನಿಂತಿದ್ದಕ್ಕೆ ನಾಚಿಕೆ ಇಲ್ಲ.

ಮೊದಲ ಸಲ ಗುಂಡಿ ತುಂಬಿಸಲು 2,000 ಕೆ.ಜಿ. ಸಗಣಿ, ಅಷ್ಟೇ ನೀರು. ನಮ್ಮ ಹಸುಗಳನ್ನೇ ನಂಬಿದರೆ ಎರಡು ತಿಂಗಳು. ನಾಲ್ಕು ಮನೆಯವರು ಒಂಬತ್ತು ದಿನ ಹೊಸ ಸಗಣಿ ಕೊಟ್ಟರು. ತಿಪ್ಪೆಯ ಹಳೇ ಸಗಣಿ ಬರುವುದಿಲ್ಲ. ಬದಲಿಗೆ ಮುಂದೆ ಬಗ್ಗಡ ಕೊಡುವುದು ಅಂತ ಮಾತು. ಶ್ರೀರಂಗಪಟ್ಟಣದ ಕಡೆ ನೆಂಟರ ಮನೆಯಲ್ಲಿ ಓಡುತ್ತಿರುವ ಗುಂಡಿಯಿಂದ ಎರಡು ಡ್ರಮ್ಮು ಬಗ್ಗಡ ತಂದು ಹೆಪ್ಪು ಹಾಕಿದಂತೆ ಬೆರೆಸಿದೆವು. ನಿಜಕ್ಕೂ ಹೆಪ್ಪೇ ಅದು, ಗ್ಯಾಸು ಮಾಡುವ ಸೂಕ್ಷ್ಮಜೀವಿಗಳು ಅದರಲ್ಲೇ ಇರುತ್ತವೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಸೋಪಿನ ನೀರು, ಇಂಜೆಕ್ಷನ್ ಕೊಡಿಸಿದ ಹಸುವಿನ ಸಗಣಿ ಇದಕ್ಕೆ ಸೇರಬಾರದು.

ಆರನೇ ದಿನವೇ ಟ್ಯೂಬಿನಲ್ಲಿ 40 ಸೆಂ.ಮೀ. ಏರಿತ್ತು. ಒಲೆಗೆ ಬೆಂಕಿ ಕೊಟ್ಟರೆ ಕಡ್ಡಿಯೇ ಆರಿಹೋಯಿತು. ಶುರುವಿನ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ, ಪೂರ್ತಿ ಬಿಟ್ಟುಬಿಡಬೇಕು. ಹನ್ನೊಂದನೇ ದಿನವೂ ಹಾಗೇ. ಹದಿನೇಳನೇ ದಿನ, ಯುಗಾದಿ ಹಿಂದಿನ ರಾತ್ರಿ, ಹಿಡಿಯಿತು. ಹಗಲಾಗಿದ್ದರೆ ಉರಿಯೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ತಿಳಿ ನೀಲಿ. ಅಪ್ಪ ಲೈಟ್ ಆರಿಸು ಅಂದ. ಕತ್ತಲಲ್ಲಿ ನಾವೆಲ್ಲ ಆ ನೀಲಿ ಬಳೆ ನೋಡುತ್ತಾ ಸ್ವಲ್ಪ ಹೊತ್ತು ನಿಂತೆವು.

ಹೊಸತೊಡಕಿನ ದಿನ

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಯುಗಾದಿ ಮಾರನೇ ದಿನ ಹೊಸತೊಡಕು. ಮನೆ ತುಂಬಾ ಹದಿನಾಲ್ಕು ಜನ, ಬಾಡಿನ ಸಾರು, ಮುದ್ದೆ. ಎಲ್ಲಾ ಹೊಸ ಒಲೆಯಲ್ಲೇ ಆಗಲಿ ಅಂತ ನಾನು ಜಂಬ ಮಾಡಿದೆ. ಮೊದಲು ಬಾಡು ಬೇಯಿಸಿದೆವು. ಒಂದೂವರೆ ಗಂಟೆಗೆ ಒತ್ತಡ 70ರಿಂದ 15ಕ್ಕೆ ಇಳಿಯಿತು. ಮುದ್ದೆಯ ಎಸರು ಮರಳುವುದೇ ಇಲ್ಲ. ಅವ್ವ ಅಂತೂ ಹಿಟ್ಟು ಹಾಕಿ, ಕೋಲು ಹಿಡಿದು ತಿರುವಲು ಹೋದಳು. ಅಂಗಡಿಯಿಂದ ತಂದ ಒಲೆ ತಗಡಿನ ಹಗುರ ಮಾಲು. ಮೊದಲ ತಿರುವಿಗೇ ಜಾರಿತು, ಎರಡನೆಯದಕ್ಕೆ ಪಾತ್ರೆ ವಾಲಿ ಕುದಿಯುವ ಎಸರು ಅವ್ವನ ಕಾಲಿನಿಂದ ಗೇಣು ದೂರದಲ್ಲಿ ಚೆಲ್ಲಿತು. ಯಾರೂ ಮಾತಾಡಲಿಲ್ಲ. ಅವ್ವ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹತ್ತೇ ನಿಮಿಷಕ್ಕೆ ಸೌದೆ ಒಲೆಯಲ್ಲಿ ಮುದ್ದೆ ಆಗಿತ್ತು. ಅಪ್ಪ ಉಣ್ಣುತ್ತಾ ನನ್ನ ಕಡೆ ನೋಡಲೂ ಇಲ್ಲ. ಅದು ಇನ್ನೂ ಕಷ್ಟ.

ಆ ರಾತ್ರಿ ಸಿಲಿಂಡರ್ ನಾಲ್ಕೂವರೆ ತಿಂಗಳು ಬರುವುದರ ಗುಟ್ಟು ಹೊಳೆಯಿತು. ಅವ್ವ ದುಡ್ಡು ಉಳಿಸಲಿಕ್ಕೆ ಸೌದೆ ಉರಿಸುತ್ತಿದ್ದಳು ಅಂದುಕೊಂಡಿದ್ದೆ. ದುಡ್ಡೂ ಒಂದು ಕಾರಣವೇ. ಆದರೆ ಹತ್ತು ಮುದ್ದೆಯ ಹಿಟ್ಟನ್ನು ಗಂಟಿಲ್ಲದೆ ತಿರುವಬೇಕಾದರೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ, ಮೇಲಿನಿಂದ ಮೈಭಾರ ಬಿಟ್ಟು ಕೋಲು ಆಡಿಸಬೇಕು. ಅಡುಗೆಮನೆ ಕಟ್ಟೆ 32 ಇಂಚು, ಮೇಲೆ ಒಲೆ ನಾಲ್ಕು ಇಂಚು, ಅದರ ಮೇಲೆ ಪಾತ್ರೆ. ನಾಲ್ಕಡಿ ಹತ್ತು ಇಂಚಿನ ಅವ್ವನಿಗೆ ಪಾತ್ರೆಯ ಬಾಯಿ ಎದೆಮಟ್ಟಕ್ಕೆ ಬರುತ್ತೆ, ತೋಳಿನ ಬಲ ಒಂದೇ. ಮಣ್ಣಿನ ಒಲೆ ನೆಲಕ್ಕೆ ಕಚ್ಚಿರುತ್ತೆ, ಮೂರು ಗುಂಡು ಪಾತ್ರೆಯನ್ನು ಹಿಡಿದಿರುತ್ತವೆ. ಅವಳು ಬಿಡದೆ ಇದ್ದದ್ದು ಸೌದೆಯನ್ನಲ್ಲ, ಆ ಎತ್ತರವನ್ನ, ಆ ಹಿಡಿತವನ್ನ. ನಾನು ಎರಡು ತಿಂಗಳು ಗುಂಡಿ ರಿಪೇರಿ ಮಾಡಿದ್ದೆ, ಒಲೆ ಕಡೆ ನೋಡಿರಲಿಲ್ಲ.

ಮುಂದಿನ ಭಾನುವಾರ ಅವ್ವನನ್ನೇ ಮಣೆ ಮೇಲೆ ಕೂರಿಸಿ, ಕೈಗೆ ಕೋಲು ಕೊಟ್ಟು, ಅಳತೆ ತೆಗೆದೆ. ನೆಲದಿಂದ 9 ಇಂಚು. ಅಡುಗೆಮನೆ ಮೂಲೆಯಲ್ಲಿ, ಬೆಳಕಿಂಡಿ ಕೆಳಗೆ, ಇಟ್ಟಿಗೆಯ ಕಟ್ಟೆ. ತಗಡಿನ ಒಲೆಯಿಂದ ಬರ್ನರ್ ಮಾತ್ರ ಬಿಚ್ಚಿ ಕಟ್ಟೆಯೊಳಗೆ ಇಳಿಸಿದೆ. ಗಾಳಿ ತೂತು ಮುಚ್ಚದಂತೆ ಮುಂದೆ ಒಂದು ಗೂಡು ಬಿಟ್ಟಿದ್ದೀನಿ. ಮೇಲೆ 10 ಮಿ.ಮೀ. ಕಂಬಿಯ ಬಳೆ, ಅವ್ವನ ಹಿಟ್ಟಿನ ಪಾತ್ರೆಯನ್ನೇ ಮಂಡ್ಯದ ವೆಲ್ಡಿಂಗ್ ಅಂಗಡಿಗೆ ತಗೊಂಡು ಹೋಗಿ ಅದರ ತಳಕ್ಕೆ ಕೂರುವಂತೆ ಬಗ್ಗಿಸಿದ್ದು. ಬಳೆಯ ಮೂರು ಕಾಲು ಕಾಂಕ್ರೀಟಿನಲ್ಲಿ ಹೂತಿವೆ. ಕವೆಗೋಲು ಸಿಕ್ಕಿಸಲು ಪಕ್ಕದಲ್ಲಿ ಒಂದು ಕೊಕ್ಕೆ.

ಬರ್ನರಿನ ಮೇಲ್ಭಾಗದಿಂದ ಪಾತ್ರೆಯ ತಳಕ್ಕೆ ಎಷ್ಟು ಸಂದು ಬಿಡಬೇಕು ಅನ್ನೋದಕ್ಕೆ ಮೂರು ಲೀಟರ್ ನೀರಿಟ್ಟು ಗಡಿಯಾರ ನೋಡಿದೆ. 40 ಮಿ.ಮೀ. ಇದ್ದಾಗ ಕುದಿಯಲು 21 ನಿಮಿಷ. 20 ಮಿ.ಮೀ.ಗೆ 14. ಇನ್ನೂ ಹತ್ತಿರ, 10ಕ್ಕೆ ಇಳಿಸಿದರೆ ಉರಿಯ ತುದಿ ಹಳದಿಯಾಗಿ ಪಾತ್ರೆಗೆ ಮಸಿ ಹತ್ತಿತು, ಕಣ್ಣಿಗೆ ಖಾರ. 20ಕ್ಕೇ ನಿಲ್ಲಿಸಿದೆ.

ಜೆಟ್ಟಿನದು, ಅಂದರೆ ಬರ್ನರಿಗೆ ಗ್ಯಾಸು ಚಿಮ್ಮಿಸುವ ತೂತಿನ ತುಂಡಿನದು, ಇನ್ನೊಂದು ಕಥೆ. ಗೋಬರ್ ಗ್ಯಾಸಿನದೇ ಒಲೆ ಅಂತ ಹೇಳಿ ಅಂಗಡಿಯವರು ಕೊಟ್ಟದ್ದಕ್ಕೆ ಎಲ್‌ಪಿಜಿಯ ಸೂಜಿತೂತಿನ ಜೆಟ್ ಇತ್ತು. ಒಂದು ಪಾಲು ಎಲ್‌ಪಿಜಿ ಉರಿಯಲು 25ಕ್ಕೂ ಮಿಕ್ಕಿ ಪಾಲು ಗಾಳಿ ಬೇಕು. 60% ಮಿಥೇನ್ ಇರುವ ಗೋಬರ್ ಗ್ಯಾಸಿಗೆ ಆರು ಪಾಲಿನ ಒಳಗೇ ಸಾಕು. ಸಣ್ಣ ತೂತಿನಲ್ಲಿ ಗ್ಯಾಸು ಕಮ್ಮಿ, ಗಾಳಿ ಜಾಸ್ತಿಯಾಗಿ ಉರಿ ಬರ್ನರ್ ಬಿಟ್ಟು ಎಗರಿ ಆರುತ್ತೆ. ಫ್ಯಾಕ್ಟರಿಯಲ್ಲಿ ಡ್ರಿಲ್ ಹಾಕಿ 2.3 ಮಿ.ಮೀ. ಮಾಡಿದೆ, ಗಾಳಿ ತೂತಿಗೆ ಜಾರುವ ತಗಡಿನ ಪಟ್ಟಿ ಸುತ್ತಿದೆ. ಗಂಟೆಗೆ 0.45 ಘನ ಮೀಟರ್ ಕುಡಿಯುವ ಬರ್ನರ್ ಇದು. ನಮ್ಮ ಗ್ಯಾಸಿಗೆ ದಿನಕ್ಕೆ ಎರಡೂವರೆ ಗಂಟೆ ಉರಿ.

ಹೊಸ ಕಟ್ಟೆಯಲ್ಲಿ ಮೊದಲ ಮುದ್ದೆ ತಿರುವುವಾಗ ಅವ್ವ ಬಳೆಯನ್ನು ಒಂದು ಸಲ ಕಾಲಲ್ಲಿ ಒದ್ದು ನೋಡಿದಳು. ಅಲುಗಲಿಲ್ಲ. ಮೊದಲು ಹಿಟ್ಟು, ಆಮೇಲೆ ಸಾರು ಅಂತ ಕ್ರಮ ಬದಲಾಯಿಸಿದ್ದು ಅವಳೇ. ಬೆಳಿಗ್ಗೆ ಒತ್ತಡ ಜೋರಿದ್ದಾಗ ಮುದ್ದೆಗೆ ಬೇಕಾದ ರಭಸದ ಉರಿ ಸಿಗುತ್ತೆ, ಸೊರಗಿದ ಉರಿಗೆ ಕಾಳು ನಿಧಾನ ಬೇಯುತ್ತೆ. ಟ್ಯೂಬಿನ ಸ್ಕೇಲು ಅವಳು ನೋಡುವುದಿಲ್ಲ. "ಕುಂಕುಮ ಸ್ಕೂಲ್ ಪಟ್ಟಿ ಮೂರನೇದ್ರಲ್ಲಿ ಇದ್ರೆ ಹಿಟ್ಟಿಗಾಯ್ತದೆ" ಅನ್ನೋದು ಅವಳ ಲೆಕ್ಕ.

ಎರಡು ವಾರ ಬಿಟ್ಟು ಸಿಲಿಂಡರ್ ಒಲೆಯನ್ನೂ ಹೀಗೇ ನೆಲಕ್ಕೆ ಇಳಿಸಿಕೊಡು ಅಂದಳು. ಆಗುವುದಿಲ್ಲ ಅಂದೆ. ಗೋಬರ್ ಗ್ಯಾಸು ಗಾಳಿಗಿಂತ ಸ್ವಲ್ಪ ಹಗುರ, ಸೋರಿದರೆ ಮೇಲಕ್ಕೆದ್ದು ಬೆಳಕಿಂಡಿ, ಹೆಂಚಿನ ಸಂದಿನಲ್ಲಿ ಹೋಗುತ್ತೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೀರಿನಂತೆ ನೆಲದಲ್ಲೇ ಹರಡಿ ಕೂರುತ್ತೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲೇ ಇರಬೇಕು. ಅವ್ವ ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ, "ಅದಕ್ಕೇ ನಂಗೆ ಅದು ಆಗ್ಬರಲ್ಲ" ಅಂದಳು.

ಉಳಿದದ್ದು

ಸ್ನಾನದ ಹಂಡೆ ಇನ್ನೂ ಸೌದೆಯಲ್ಲೇ. 60 ಲೀಟರ್ ನೀರು ಬಿಸಿ ಮಾಡಲು ದಿನದ ಅರ್ಧ ಗ್ಯಾಸು ಹೋಗುತ್ತೆ, ಲೆಕ್ಕ ಹಾಕಿ ಕೈಬಿಟ್ಟೆ. ಅದಕ್ಕೆ ಹೊಗೆ ಕೊಳವೆ ಹಾಕಿಸಿದ್ದೀನಿ, ಹೊತ್ತಿಸುವ ಕೆಲಸ ಅಪ್ಪನದು ಅಂತಲೂ ಆಗಿದೆ. ಹಸುವಿನ ಹುರುಳಿ ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ. ಒಂದು ಹಸು ಗಬ್ಬವಾಗಿ ಮೇವು ಕಮ್ಮಿ ಮಾಡಿದ ವಾರ ಸಗಣಿ 24 ಕೆ.ಜಿ.ಗೆ ಇಳಿದು ಸಾರು ಸಿಲಿಂಡರಿಗೆ ಹೋಯಿತು. ಸಿಲಿಂಡರು ಇನ್ನೂ ನಾಲ್ಕು ತಿಂಗಳ ಮೇಲೇ ಬರುತ್ತಿದೆ. ಹೆಂಡತಿಗೆ ಮಾತ್ರ ಆ ವಿಷಯ ಎತ್ತುವುದಿಲ್ಲ.

ಬಗ್ಗಡ ಕೊಡುವ ಮಾತಿತ್ತಲ್ಲ, ಅದರಲ್ಲಿ ಎರಡು ಮನೆಯದು ಇನ್ನೂ ಬಾಕಿ. ಅಪ್ಪ ಎಲ್ಲಾ ತನ್ನ ಹಿಪ್ಪುನೇರಳೆ ಸಾಲಿಗೇ ತಿರುಗಿಸಿಕೊಂಡಿದ್ದಾನೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. "ಆ ವಾಲ್ವು ಕೈಗೆ ಬಿಗಿ ಆಯ್ತಾ ಅದೆ ಕಲಾ. ಆ ಕಬ್ಬಿಣದ ಚೂರೂ ಕರ್ರಗೆ ಆಗಿರ್ಬೇಕು, ಕೊಳ್ತ ಮೊಟ್ಟೆ ವಾಸ್ನೆ ಹೊಡೀತದೆ. ಭಾನುವಾರ ಬರೋವಾಗ ಹೊಸ ಚೂರು ತಗೊಂಡ್ಬಾ, ಹಳೇದ ಬಿಸಿಲಿಗೆ ನಾನೇ ಹಾಕ್ತೀನಿ."